ಹರಳು ಹಸನು ಮಾಡಿದ ಲೂಯಿ ಪಾಶ್ಚರ್

ಲೂಯಿ ಪಾಶ್ಚರ್ ಎಂದೊಡನೆ ನಿಮಗೆ ಹುಚ್ಚುನಾಯಿ ಕಡಿತದ ಲಸಿಕೆ ನೆನಪಾಗುತ್ತದೆ. ಹಾಲು ಕೆಡದಂತೆ ಕಾಯಿಸಿಡುವ ಪಾಶ್ಚರೀಕರಣವೂ ನೆನಪಾಗಬಹುದು. ಆದರೆ ಅವರ ಮೊದಲ ದೊಡ್ಡ ಕೆಲಸ ನಾಯಿಗೂ ಹಾಲಿಗೂ ಸಂಬಂಧಪಟ್ಟದ್ದಲ್ಲ. ನಿಮ್ಮ ಅಡುಗೆಮನೆಯ ಹುಣಸೆಹಣ್ಣಿನ ಹುಳಿಗೆ ಸಂಬಂಧಪಟ್ಟದ್ದು. ಒಂದೇ ಬಗೆಯಾಗಿ ಕಾಣುವ ಎರಡು ವಸ್ತುಗಳು ಹರಳುಗಟ್ಟುವಾಗ ಕೂಡಿಕೊಳ್ಳುತ್ತವೆಯೇ, ಬೇರೆಯಾಗುತ್ತವೆಯೇ? ಈ ಪ್ರಶ್ನೆಯೇ ಅವರ ಬಾಳಿಗೆ ದಾರಿ ತೋರಿಸಿತು.

ಚರ್ಮ ಹದ ಮಾಡುವವರ ಮಗ

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ. ತಂದೆ ಚರ್ಮ ಹದ ಮಾಡುವ ಕಸುಬಿನವರು. ಬಾಲ್ಯ ಕಳೆದದ್ದು ದ್ರಾಕ್ಷಿ ತೋಟಗಳ ನಡುವಿನ ಅರ್ಬ್ವಾ ಎಂಬ ಊರಿನಲ್ಲಿ.

ಅದೇ 1822ರ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ರೆನೆ ಜುಸ್ತ್ ಆಯ್ವಿ ಎಂಬ ಕಥೋಲಿಕ ಗುರುಗಳು ತೀರಿಕೊಂಡಿದ್ದರು. ಹರಳುಗಳ ವಿಜ್ಞಾನಕ್ಕೆ ಅವರನ್ನು ಪಿತಾಮಹರೆನ್ನುತ್ತಾರೆ. ಒಮ್ಮೆ ಅವರ ಕೈಜಾರಿ ಬಿದ್ದ ಹರಳು ಒಡೆದಾಗ, ಚೂರುಗಳ ಮುಖಗಳು ಒಂದೇ ಕ್ರಮದಲ್ಲಿರುವುದನ್ನು ಅವರು ಗಮನಿಸಿದರಂತೆ. ಇಟ್ಟಿಗೆ ಜೋಡಿಸಿ ಗೋಡೆ ಕಟ್ಟುವಂತೆ, ಒಂದೇ ಆಕಾರದ ಚಿಕ್ಕ ಘಟಕಗಳಿಂದ ಹರಳು ಕಟ್ಟಲ್ಪಡುತ್ತದೆ ಎಂಬುದು ಅವರ ತೀರ್ಮಾನ. ಪ್ರತಿ ವಸ್ತುವಿಗೂ ಅದರದೇ ಆದ ಆಕಾರವಿದೆ ಎಂದು ಅವರು ಬೋಧಿಸುತ್ತಿದ್ದರು. ಆದರೆ 1819ರಲ್ಲಿ ಜರ್ಮನಿಯ ಮಿಚರ್ಲಿಕ್ ಬೇರೊಂದನ್ನು ತೋರಿಸಿದ್ದರು. ಹತ್ತಿರದ ಸಂಬಂಧವುಳ್ಳ ಎರಡು ಲವಣಗಳಿಗೆ ಒಂದೇ ಆಕಾರವಿರಬಹುದು. ಅವು ಒಂದರ ಜಾಗದಲ್ಲಿ ಇನ್ನೊಂದು ಕುಳಿತು ಒಂದೇ ಹರಳಾಗಬಹುದು. ಇದನ್ನು ಮಿಶ್ರ ಹರಳು ಅಥವಾ ಘನದ್ರಾವಣ ಎನ್ನುತ್ತಾರೆ.

ಇದಕ್ಕೆ ಉದಾಹರಣೆ ಹುಡುಕಿ ನೀವು ದೂರ ಹೋಗಬೇಕಿಲ್ಲ. ಯಾದಗಿರಿ ಕೋಟೆಯ ಬೆಟ್ಟದಲ್ಲಿ, ಶಹಾಪುರದ ಮಲಗಿದ ಬುದ್ಧನ ಗುಡ್ಡದಲ್ಲಿ, ಸುರಪುರದ ಬಂಡೆಗಳಲ್ಲಿ ಕಾಣುವ ಗ್ರಾನೈಟ್ ಕಲ್ಲನ್ನು ನೋಡಿ. ಅದರಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಇಂಥದೇ ಮಿಶ್ರ ಹರಳು. ಅದರಲ್ಲಿ ಕ್ಯಾಲ್ಸಿಯಂ ಇರಬೇಕಾದಲ್ಲಿ ಸೋಡಿಯಂ ಬಂದು ಕೂರಬಲ್ಲದು.

ದ್ರಾಕ್ಷಾರಸದ ತಳದಲ್ಲಿ

ದ್ರಾಕ್ಷಾರಸದ ಪೀಪಾಯಿಗಳ ತಳದಲ್ಲಿ ಗಟ್ಟಿಯಾದ ಹರಳು ಕೂರುತ್ತದೆ. ಅದರಿಂದ ಸಿಗುವುದೇ ಟಾರ್ಟಾರಿಕ್ ಆಮ್ಲ. ನಮ್ಮ ಹುಣಸೆಹಣ್ಣಿನ ಹುಳಿಗೂ ಮುಖ್ಯ ಕಾರಣ ಅದೇ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಈ ಆಮ್ಲದ ದ್ರಾವಣದ ಮೂಲಕ ಹಾಯಿಸಿದರೆ, ಆ ದಿಕ್ಕು ಬಲಕ್ಕೆ ತಿರುಗುತ್ತದೆ. 1820ರ ಸುಮಾರಿಗೆ ಅಲ್ಸಾಸ್ ಪ್ರಾಂತ್ಯದ ಒಂದು ಕಾರ್ಖಾನೆಯಲ್ಲಿ ಇದರಂತೆಯೇ ಇರುವ ಇನ್ನೊಂದು ಆಮ್ಲ ದೊರೆಯಿತು. ಅದರ ಘಟಕಗಳೂ ಪ್ರಮಾಣವೂ ಇದರವೇ. ಆದರೆ ಅದು ಬೆಳಕನ್ನು ತಿರುಗಿಸುತ್ತಿರಲಿಲ್ಲ. ಇವೆರಡರ ಒಂದು ಲವಣ ಹರಳಿನ ಆಕಾರದಲ್ಲೂ ಒಂದೇ ಎಂದು ಮಿಚರ್ಲಿಕ್ 1844ರಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡ ವಿದ್ವಾಂಸರು ಹೇಳಿದ ಮೇಲೆ ಮತ್ತೆ ನೋಡುವ ಅಗತ್ಯ ಹೆಚ್ಚಿನವರಿಗೆ ಕಾಣಲಿಲ್ಲ.

25 ವರ್ಷದ ಪಾಶ್ಚರ್ 1848ರಲ್ಲಿ ಮತ್ತೆ ನೋಡಿದರು. ಹರಳುಗಳ ಅಂಚಿನಲ್ಲಿ ಚಿಕ್ಕದೊಂದು ಓರೆಮುಖವಿತ್ತು. ಕೆಲವು ಹರಳುಗಳಲ್ಲಿ ಅದು ಬಲಕ್ಕೆ, ಕೆಲವುಗಳಲ್ಲಿ ಎಡಕ್ಕೆ. ನಮ್ಮ ಎರಡು ಕೈಗಳಂತೆ, ಕನ್ನಡಿಯ ಬಿಂಬದಂತೆ! ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುವ ನಮ್ಮ ತಾಯಂದಿರ ಹಾಗೆ ಅವರು ಕುಳಿತು, ಒಂದೊಂದೇ ಹರಳನ್ನು ಚಿಮಟದಿಂದ ಎತ್ತಿ ಎರಡು ಗುಂಪು ಮಾಡಿದರು. ಬೇರೆ ಬೇರೆ ಕರಗಿಸಿದಾಗ ಒಂದು ಗುಂಪು ಬೆಳಕನ್ನು ಬಲಕ್ಕೂ ಇನ್ನೊಂದು ಎಡಕ್ಕೂ ತಿರುಗಿಸಿತು. ಎರಡನ್ನೂ ಸಮವಾಗಿ ಬೆರೆಸಿದರೆ ಬೆಳಕು ತಿರುಗಲಿಲ್ಲ.

ಹಿರಿಯ ವಿಜ್ಞಾನಿ ಬಿಯೋ ಅವರಿಗೆ ಆಗ 74 ವರ್ಷ. ಅವರು ಈ ಮಾತನ್ನು ಸುಮ್ಮನೆ ನಂಬಲಿಲ್ಲ. ತಮ್ಮ ಎದುರಿನಲ್ಲೇ ಪಾಶ್ಚರ್ ಅವರಿಂದ ಹರಳು ಆರಿಸಿಸಿ, ದ್ರಾವಣವನ್ನು ತಾವೇ ಸಿದ್ಧಮಾಡಿ ಪರೀಕ್ಷಿಸಿದರು. ನಿಜವೆಂದು ತಿಳಿದಾಗ ಅವರ ಮನಸ್ಸು ತುಂಬಿ ಬಂತು. ಅಂದಿನಿಂದ ಅವರು ಪಾಶ್ಚರ್ ಅವರಿಗೆ ತಂದೆಯಂತೆ ನಿಂತರು. ಆ ವರ್ಷದ ಮೇ ತಿಂಗಳಲ್ಲೇ ಪಾಶ್ಚರ್ ತಮ್ಮ ತಾಯಿಯನ್ನು ಕಳೆದುಕೊಂಡರು.

ಕೂಡುವ ಮೂರು ಬಗೆ

ಒಂದನ್ನೊಂದು ಹೋಲುವ ಎರಡು ಬಗೆಯ ಅಣುಗಳು ಒಟ್ಟಿಗೆ ಗಟ್ಟಿಯಾಗುವಾಗ ಮೂರು ದಾರಿಗಳಿವೆ. ತಮ್ಮ ತಮ್ಮವರೊಂದಿಗೆ ಸೇರಿ ಬೇರೆ ಬೇರೆ ಹರಳಾಗುವುದು ಒಂದು. ಇಂತಿಷ್ಟಕ್ಕೆ ಇಂತಿಷ್ಟೆಂದು ಜೋಡಿಯಾಗಿ ಒಂದೇ ಹರಳಿನಲ್ಲಿ ಕೂರುವುದು ಎರಡನೆಯದು. ಯಾರ ಜಾಗದಲ್ಲಿ ಯಾರಾದರೂ ಕೂತು ಮಿಶ್ರ ಹರಳಾಗುವುದು ಮೂರನೆಯದು. ಪಾಶ್ಚರ್ ಅವರಿಗೆ ಸಿಕ್ಕಿದ್ದು ಮೊದಲನೆಯ ದಾರಿ. ಅವರ ಲವಣ ಸುಮಾರು 27 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಮಾತ್ರ ಹೀಗೆ ಬೇರೆಯಾಗುತ್ತದೆ. ನಮ್ಮ ಯಾದಗಿರಿಯ ಮೇ ತಿಂಗಳ ಬಿಸಿಲಿನಲ್ಲಿ ಅದೇ ಕೆಲಸ ಮಾಡಿದ್ದರೆ ಎಡಬಲಗಳು ಜೋಡಿಯಾಗಿಬಿಡುತ್ತಿದ್ದವು. ಆರಿಸಲು ಏನೂ ಸಿಗುತ್ತಿರಲಿಲ್ಲ.

ಮೂರನೆಯ ದಾರಿಗೆ ನಿಮ್ಮ ದೇವಾಲಯದ ಮೇಣದಬತ್ತಿಯನ್ನೇ ನೋಡಿ. ಅದರ ಮೇಣವೆಂದರೆ ಇಂಗಾಲದ ಉದ್ದ ಸರಪಳಿಗಳು. ಉದ್ದದಲ್ಲಿ ಒಂದೆರಡು ಕೊಂಡಿಯಷ್ಟೇ ವ್ಯತ್ಯಾಸವಿರುವ ಸರಪಳಿಗಳು ಒಂದೇ ಹರಳಿನಲ್ಲಿ ಒತ್ತಾಗಿ ಕೂರುತ್ತವೆ. ವ್ಯತ್ಯಾಸ ಹೆಚ್ಚಾದರೆ ಬೇರೆಯಾಗುತ್ತವೆ. ಆಕಾರ ಮತ್ತು ಗಾತ್ರ ಎಷ್ಟು ಹತ್ತಿರವೋ ಬೆರೆಯುವುದು ಅಷ್ಟು ಸುಲಭ.

ಇದರಿಂದ ನಮಗೇನು ಎಂದು ನೀವು ಕೇಳಬಹುದು. ನಮ್ಮ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿವೆ. ಔಷಧವನ್ನು ಶುದ್ಧಮಾಡಲು ಹರಳುಗಟ್ಟಿಸುವುದು ಇಂಥ ಉದ್ಯಮದಲ್ಲಿ ಸಾಮಾನ್ಯ ಕ್ರಮ. ಬೇಡವಾದ ಅಣು ಔಷಧದ ಅಣುವಿಗಿಂತ ತೀರ ಬೇರೆಯಾಗಿದ್ದರೆ ಅದು ಹೊರಗೇ ಉಳಿಯುತ್ತದೆ. ಆದರೆ ಅದನ್ನೇ ಹೋಲುತ್ತಿದ್ದರೆ ಹರಳಿನ ಒಳಗೇ ಜಾಗ ಹಿಡಿಯುತ್ತದೆ. ಹೊರಗಿನಿಂದ ಎಷ್ಟು ತೊಳೆದರೂ ಹೋಗದು. ಮತ್ತೆ ಕರಗಿಸಬೇಕು, ದ್ರಾವಕ ಬದಲಿಸಬೇಕು, ನಿಧಾನವಾಗಿ ತಣಿಸಬೇಕು. ರೋಗಿಯ ಬಾಯಿಗೆ ಹೋಗುವ ಗುಳಿಗೆಯ ಶುದ್ಧತೆ ಈ ತಾಳ್ಮೆಯ ಮೇಲೆ ನಿಂತಿದೆ.

ಮನೆಯೊಳಗಿನ ಶಿಲುಬೆ

1849ರಲ್ಲಿ ಪಾಶ್ಚರ್ ಅವರು ಮರೀ ಲೊರಾಂ ಅವರನ್ನು ವಿವಾಹವಾದರು. ಗಂಡನ ಮಾತುಗಳನ್ನು ಸಂಜೆ ಬರೆದುಕೊಳ್ಳುತ್ತಾ, ಕೆಲಸದಲ್ಲಿ ಜೊತೆಯಾಗಿ ನಿಂತ ಗೃಹಿಣಿ ಆಕೆ. ಐವರು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು: 1859ರಲ್ಲಿ ಜಾನ್, 1865ರಲ್ಲಿ ಎರಡು ವರ್ಷದ ಕಮೀಯ್, 1866ರಲ್ಲಿ ಸೆಸೀಲ್. ಜಾನ್ ಮತ್ತು ಸೆಸೀಲ್‌ರನ್ನು ಒಯ್ದದ್ದು ವಿಷಮಶೀತ ಜ್ವರ. 1868ರಲ್ಲಿ ಪಾಶ್ಚರ್ ಅವರಿಗೇ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಆದರೂ ಅವರು ಕೆಲಸ ಬಿಡಲಿಲ್ಲ. 1885ರ ಜುಲೈ 6ರಂದು, ಹುಚ್ಚುನಾಯಿ ಕಡಿದ 9 ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಡಿಸಿ ಬದುಕಿಸಿದಾಗ ಅವರಿಗೆ 62 ವರ್ಷ. ಅವರ ಹೆಸರಿನ ಸಂಸ್ಥೆ 1907ರಲ್ಲಿ ನೀಲಗಿರಿಯ ಕೂನೂರಿನಲ್ಲೂ ಆರಂಭವಾಯಿತು.

ಅವರನ್ನು ದಿನವೂ ಬಲಿಪೂಜೆಗೆ ಹೋಗುತ್ತಿದ್ದ ಸಂತರೆಂದು ಚಿತ್ರಿಸುವುದು ಸರಿಯಲ್ಲ. ಪ್ರಯೋಗಾಲಯದಲ್ಲಿ ಧರ್ಮವನ್ನು ಸಾಬೀತುಪಡಿಸಲು ಅವರು ಹೊರಡಲಿಲ್ಲ. ಆದರೆ ಕಣ್ಣಿಗೆ ಕಾಣುವುದಷ್ಟೇ ಸತ್ಯವೆಂಬ ವಾದವನ್ನೂ ಅವರು ಒಪ್ಪಲಿಲ್ಲ. 1882ರಲ್ಲಿ ಫ್ರೆಂಚ್ ಅಕಾಡೆಮಿಗೆ ಸೇರಿದಾಗ ಅನಂತದ ಬಗ್ಗೆ ಮಾತನಾಡಿ ಅದನ್ನು ಬಹಿರಂಗವಾಗಿ ಹೇಳಿದರು. 1895ರ ಸೆಪ್ಟೆಂಬರ್ 28ರಂದು ಅವರು ಕೊನೆಯುಸಿರೆಳೆದಾಗ ಒಂದು ಕೈ ಪತ್ನಿಯ ಕೈಯಲ್ಲಿತ್ತು, ಇನ್ನೊಂದರಲ್ಲಿ ಶಿಲುಬೆಯಿತ್ತು ಎಂದು ಅವರ ಅಳಿಯ ಬರೆದ ಜೀವನಚರಿತ್ರೆ ಹೇಳುತ್ತದೆ. ಪ್ಯಾರಿಸ್ಸಿನಲ್ಲಿ ಅವರ ಸಮಾಧಿಯ ಮೇಲಿನ ಗುಮ್ಮಟದಲ್ಲಿ ನಾಲ್ವರು ದೇವದೂತರ ಚಿತ್ರವಿದೆ: ವಿಶ್ವಾಸ, ನಿರೀಕ್ಷೆ, ಪ್ರೀತಿ ಮತ್ತು ವಿಜ್ಞಾನ.

ಪ್ರಿಯ ಓದುಗರೇ, ಗೋಧಿಯ ನಡುವೆ ಬೆಳೆದ ಕಳೆಯ ಸಾಮತಿ ನಿಮಗೆ ಗೊತ್ತಿದೆ. ಎಳೆಯದಾಗಿದ್ದಾಗ ಎರಡೂ ಒಂದೇ ತರಹ ಕಾಣುತ್ತವೆ. ಅದಕ್ಕೇ ಯಜಮಾನನು ಆಳುಗಳಿಗೆ ಅವಸರ ಬೇಡವೆಂದ. ಮನೆಯಲ್ಲೂ ಹಾಗೆಯೇ ಅಲ್ಲವೇ? ತೀರ ಕೆಟ್ಟದ್ದನ್ನು ನಾವು ಬಾಗಿಲಲ್ಲೇ ತಡೆಯುತ್ತೇವೆ. ಒಳ್ಳೆಯದನ್ನು ಹೋಲುವುದು ನಮಗೆ ತಿಳಿಯದಂತೆ ಒಳಗೆ ಕೂರುತ್ತದೆ. ಕಾಳಜಿಯಂತೆ ಕಾಣುವ ಹಟ, ಭಕ್ತಿಯಂತೆ ಕಾಣುವ ಪ್ರದರ್ಶನ ಇಂಥವು. ಇವನ್ನು ಆರಿಸಲು ಸಿಟ್ಟು ಸಾಲದು. ಹತ್ತಿರದಿಂದ ನೋಡುವ ಕಣ್ಣು ಮತ್ತು ತಾಳ್ಮೆ ಬೇಕು. ಈ ವಾರ ಜಪಸರ ಪ್ರಾರ್ಥನೆಯ ನಂತರ ಮನೆಯವರೆಲ್ಲ ಕುಳಿತು ಇದರ ಬಗ್ಗೆ ಮಾತನಾಡಿರಿ. ಆ ಕಣ್ಣನ್ನೂ ತಾಳ್ಮೆಯನ್ನೂ ಪ್ರಭುವಿನಲ್ಲಿ ಬೇಡಿಕೊಳ್ಳಿರಿ.