ದೀನಬಂಧು ಕುದ್ಮುಲ್ ರಂಗರಾವ್

ಪ್ರತಿವರ್ಷ ಡಿಸೆಂಬರ್ 10ನ್ನು ಲೋಕವು ಮಾನವ ಹಕ್ಕುಗಳ ದಿನವೆಂದು ಆಚರಿಸುತ್ತದೆ. 1948ರ ಆ ದಿನ ಪ್ಯಾರಿಸ್ಸಿನಲ್ಲಿ ವಿಶ್ವ ಘೋಷಣೆ ಅಂಗೀಕೃತವಾಯಿತು. ಅದರ ಮೊದಲ ವಿಧಿಯು ಪುರುಷರನ್ನು ಮಾತ್ರ ಸೂಚಿಸದೆ ಮನುಷ್ಯರೆಲ್ಲರನ್ನೂ ಒಳಗೊಳ್ಳುವಂತೆ ಪದ ತಿದ್ದಿಸಿದವರು ನಮ್ಮ ದೇಶದ ಹಂಸಾ ಮೆಹ್ತಾ. ಆದರೂ ಈ ವಿಚಾರ ಪಾಶ್ಚಾತ್ಯರದು, ನಮ್ಮ ನೆಲಕ್ಕೆ ಒಗ್ಗದು ಎಂಬ ವಾದ ವಿದ್ಯಾವಂತರಲ್ಲಿಯೂ ಕೇಳಿಬರುವುದುಂಟು. ಅದಕ್ಕೆ ಅರ್ಧ ಶತಮಾನ ಮುಂಚೆಯೇ ಮಂಗಳೂರಿನಲ್ಲಿ ನಡೆದುದನ್ನು ಬಲ್ಲವರು ಹಾಗೆ ವಾದಿಸಲಾರರು.

ರಂಗರಾಯರು 1859ರ ಜೂನ್ 29ರಂದು ಕಾಸರಗೋಡಿನ ಕುದ್ಮುಲ್‌ನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದು, ಶಿಕ್ಷಕರಾಗಿ ದುಡಿದು, ಬಳಿಕ ವಕೀಲರಾದರು. ಬ್ರಹ್ಮಸಮಾಜದ ಪ್ರಭಾವ ಅವರ ಮೇಲಿತ್ತು. ನ್ಯಾಯಾಲಯದ ವೃತ್ತಿಯಲ್ಲಿ ನೆಮ್ಮದಿಯಾಗಿ ಬಾಳಬಹುದಾಗಿದ್ದ ಅವರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು.

ಸ್ವಜಾತಿಯವರು ಅವರನ್ನು ಬಹಿಷ್ಕರಿಸಿದರು. ಕ್ಷೌರಿಕನೂ ಅಗಸನೂ ಮನೆಗೆ ಬಾರದಾದರು. ಅದಕ್ಕಿಂತ ಕಠಿಣವಾದ ತೊಡಕು ಬೇರೆಯಿತ್ತು: ಮಕ್ಕಳೂ ದುಡಿಯಬೇಕಾಗಿದ್ದ ಬಡ ಕುಟುಂಬಗಳಿಗೆ ಶಾಲೆ ಎಂದರೆ ಕೂಲಿಯ ನಷ್ಟ. ರಾಯರು ಇದನ್ನು ಅರಿತು ಮಧ್ಯಾಹ್ನದ ಊಟವನ್ನೂ ದಿನಕ್ಕೆ ಎರಡು ಪೈಸೆಯನ್ನೂ ಕೊಡತೊಡಗಿದರು. ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸಗಳನ್ನು ಕಲಿಸಿದರು. ವಸತಿಗೆ ನಿವೇಶನ ದೊರಕಿಸಿದರು.

ದಾನ ಬೇರೆ, ಹಕ್ಕು ಬೇರೆ ಎಂಬುದನ್ನು ನಾವು ಇಲ್ಲಿ ಗಮನಿಸಬೇಕು. ಅನ್ನವಿಕ್ಕುವವನು ತನ್ನ ಎತ್ತರವನ್ನು ಬಿಡದೆಯೇ ಇಕ್ಕಬಲ್ಲನು. ಎದುರಿಗಿರುವವನಿಗೆ ಹಕ್ಕಿದೆ ಎಂದು ಒಪ್ಪಿದವನು ಮಾತ್ರ ಕೆಳಗಿಳಿಯಲೇಬೇಕು. ಅಂದಿನ ದಾನಿಗಳು ಅನೇಕರಿದ್ದರು. ರಾಯರು ಕೆಳಗಿಳಿದರು. ತಮ್ಮ ಮಗಳು ರಾಧಾಬಾಯಿಯನ್ನು ಅನ್ಯಜಾತಿಯ ಪಿ. ಸುಬ್ಬರಾಯನ್ ಅವರಿಗೆ ವಿವಾಹ ಮಾಡಿಕೊಟ್ಟರು. ಆ ಮಗಳೇ 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಸ್ತ್ರೀಯರ ಪ್ರತಿನಿಧಿಗಳಲ್ಲಿ ಒಬ್ಬರಾದರು.

ನಮ್ಮ ಲಿಂಗರಾಜಪುರದಂಥ ಬಡಾವಣೆಗಳ ಬೀದಿಯನ್ನು ನಸುಕಿನಲ್ಲಿ ಗುಡಿಸುವ ಪೌರಕಾರ್ಮಿಕಳು ನೀರು ಕೇಳಿದಾಗ ಬೇರೆ ಲೋಟ ಹುಡುಕುವ ಮನೆಗಳು ಇನ್ನೂ ಇವೆ. ಕ್ರೈಸ್ತರಾದ ನಾವು ಹೆಮ್ಮೆಪಡುವಂತಿಲ್ಲ. ದಕ್ಷಿಣ ಭಾರತದಲ್ಲಿ ಸತ್ತವರನ್ನೂ ಜಾತಿಯ ಗೋಡೆಯಿಂದ ಬೇರ್ಪಡಿಸಿದ ಕ್ರೈಸ್ತ ಸ್ಮಶಾನಗಳಿವೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲಿಯೇ ರದ್ದುಪಡಿಸಿದೆ ಎಂಬುದನ್ನು ಈ ಗೋಡೆಗಳಿಗೆ ಯಾರೂ ತಿಳಿಸಿದಂತಿಲ್ಲ.

ರಾಯರಿಗೆ ರಾವ್ ಸಾಹೇಬ್ ಬಿರುದು ಸಂದಿತ್ತು. ಆದರೆ ಅವರು ಬಯಸಿದ ಗೌರವ ಬೇರೆ. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ, ಊರ ರಸ್ತೆಯಲ್ಲಿ ಕಾರಿನಲ್ಲಿ ಸಾಗಬೇಕು, ಆಗ ಎದ್ದ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಅಸ್ಪೃಶ್ಯನೆನಿಸಿದವನು ಸಾರ್ವಜನಿಕ ರಸ್ತೆಯಲ್ಲಿ ಹಾಯಾಗಿ ನಡೆಯುವುದೇ ಅಪರಾಧವಾಗಿದ್ದ ಕಾಲವದು ಎಂಬುದನ್ನು ನೆನೆದರೆ ಈ ಆಸೆಯ ತೂಕ ತಿಳಿದೀತು.

ಕೊನೆಯ ದಿನಗಳಲ್ಲಿ ಅವರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು; ಮಿಷನ್ನಿನ ಹೊಣೆ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಸೇರಿತು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅದನ್ನು ಸಂದರ್ಶಿಸಿದರು. ಆದರೆ ರಾಯರು ಆಗ ಇರಲಿಲ್ಲ. 1928ರ ಜನವರಿ 30ರಂದು ತೀರಿಕೊಂಡಿದ್ದರು. ಬಂಧುಗಳು ಮಾಡಬೇಕಾದ ಅಂತ್ಯಕ್ರಿಯೆಯನ್ನು ಮಲ ಹೊರುತ್ತಿದ್ದ ತೋಟಿ ಜನರೇ ನೆರವೇರಿಸಬೇಕೆಂದು ಅವರು ಇಚ್ಛಿಸಿದ್ದರು. ಊರು ಮುಟ್ಟಲೊಲ್ಲದ ಆ ಕೈಗಳೇ ಅವರ ದೇಹವನ್ನು ಹೊತ್ತವು.