ಲೆಕ್ಕಕ್ಕೆ ಸಿಗದ ಗೆಲುವು: ಡಾ. ಕೋಲಿ ಬದುಕು ಮತ್ತು ನಮ್ಮ ಮಕ್ಕಳ ಮಿದುಳು ಗಡ್ಡೆ

ಹಾನಗಲ್ ಕಡೆಯ ಪರಿಚಯದವರೊಬ್ಬರು ಹೋದ ತಿಂಗಳು ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ರು. ಮಕ್ಕಳ ಮಿದುಳು ಗಡ್ಡೆಗೆ ಅಮೆರಿಕದಲ್ಲಿ ಲಸಿಕೆ ಬಂದುಬಿಟ್ಟಿದೆ, ಬಡವರಿಗೆ ಮಾತ್ರ ಸಿಗದ ಹಾಗೆ ಮುಚ್ಚಿಟ್ಟಿದ್ದಾರೆ ಅನ್ನೋದು ಅದರ ಸಾರ. ನಿಜಾನಾ ಅಂತ ಕೇಳಿದ್ರು. ಎರಡು ಸಾಲಿನಲ್ಲಿ ಉತ್ತರ ಬರೆಯೋಕೆ ಕೂತವನಿಗೆ 130 ವರ್ಷ ಹಿಂದಕ್ಕೆ ಹೋಗಬೇಕಾಯ್ತು.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಮಗುವಿಗೆ ಬೆಳಗೆದ್ದ ಕೂಡಲೇ ತಲೆನೋವು, ವಾಂತಿ ಬಂದರೆ ಮೊದಲು ಪಿತ್ತ ಅಂತಾರೆ. ನಡಿಗೆ ತೂರಾಡಿದಾಗ, ಕಣ್ಣು ವಾರೆಯಾದಾಗ ಹುಬ್ಬಳ್ಳಿಗೋ ದಾವಣಗೆರೆಗೋ ಓಡ್ತಾರೆ. ಅಲ್ಲಿ ಸ್ಕ್ಯಾನ್ ಆಗಿ ಗಡ್ಡೆ ಅಂತ ಗೊತ್ತಾದರೆ ಬೆಂಗಳೂರಿನ ನಿಮ್ಹಾನ್ಸ್, ಕಿದ್ವಾಯಿ. ಅಷ್ಟು ದೂರ ಹೋಗಿ ಬಂದ ತಂದೆತಾಯಿಯ ಮೊಬೈಲಿಗೆ ಇಂಥ ಫಾರ್ವರ್ಡ್ ಬಂದರೆ ಅವರು ನಂಬದೆ ಇನ್ನೇನು ಮಾಡ್ತಾರೆ? ಅದಕ್ಕೇ ಈ ಲಸಿಕೆಯ ಕನಸು ಮೊದಲು ಕಂಡ ಮನುಷ್ಯನ ಕತೆ ಹೇಳಬೇಕು.

ಅವರ ಹೆಸರು ವಿಲಿಯಂ ಬ್ರಾಡ್ಲಿ ಕೋಲಿ. ಹುಟ್ಟಿದ್ದು 1862ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಯೇಲ್‌ನಲ್ಲಿ ಓದಿ, ಎರಡು ವರ್ಷ ಮೇಷ್ಟರ ಕೆಲಸ ಮಾಡಿ, 1888ರಲ್ಲಿ ಹಾರ್ವರ್ಡ್‌ನಿಂದ ವೈದ್ಯ ಪದವಿ ತಗೊಂಡು ನ್ಯೂಯಾರ್ಕ್‌ನಲ್ಲಿ ಸರ್ಜನ್ ಆದರು. 1890ರಲ್ಲಿ 17ರ ಹುಡುಗಿಯೊಬ್ಬಳು ಅವರ ಬಳಿ ಬಂದಳು. ಎಲಿಜಬೆತ್ ಡ್ಯಾಶಿಯಲ್, ಮನೆಯವರಿಗೆ ಬೆಸ್ಸಿ. ರೈಲು ಪ್ರಯಾಣದಲ್ಲಿ ಕೈಗೆ ಬಿದ್ದ ಸಣ್ಣ ಪೆಟ್ಟು ವಾಸಿಯಾಗದೆ ಊದುತ್ತಲೇ ಇತ್ತು. ಅದು ಸಾರ್ಕೋಮಾ, ಅಂದರೆ ಮೂಳೆ–ಮಾಂಸಖಂಡಗಳಲ್ಲಿ ಹುಟ್ಟುವ ಕ್ಯಾನ್ಸರ್. ಕೋಲಿ ಮೊಣಕೈ ಕೆಳಗೆ ಕೈ ಕತ್ತರಿಸಿದರು. ಆದರೂ ರೋಗ ಮೈಯೆಲ್ಲ ಹರಡಿ, 1891ರ ಜನವರಿಯಲ್ಲಿ ಬೆಸ್ಸಿ ತೀರಿಕೊಂಡಳು.

29 ವರ್ಷದ ಡಾಕ್ಟರ್‌ಗೆ ಈ ಸಾವು ಅರಗಲಿಲ್ಲ. ಆಸ್ಪತ್ರೆಯ ಹಳೆ ದಾಖಲೆಗಳನ್ನ ಕೆದಕುತ್ತಾ ಕೂತರು. ಅಲ್ಲಿ ಫ್ರೆಡ್ ಸ್ಟೈನ್ ಅನ್ನೋ ಜರ್ಮನ್ ವಲಸಿಗನ ಕೇಸು ಸಿಕ್ಕಿತು. ಅವನ ಕುತ್ತಿಗೆಯ ಗಡ್ಡೆಯನ್ನ ಎಷ್ಟು ಸಲ ಕತ್ತರಿಸಿದರೂ ಮತ್ತೆ ಬೆಳೆಯುತ್ತಿತ್ತು. ಕೊನೆಗೆ ಗಾಯಕ್ಕೆ ಎರಿಸಿಪೆಲಸ್ ಸೋಂಕು ತಗುಲಿ ಚರ್ಮ ಕೆಂಪಗೆ ಊದಿ, ವಿಪರೀತ ಜ್ವರ ಬಂತು. ಸಾಯ್ತಾನೆ ಅಂದುಕೊಂಡರೆ, ಜ್ವರ ಇಳಿಯುವ ಹೊತ್ತಿಗೆ ಗಡ್ಡೆಯೇ ಕರಗಿತ್ತು. ದಾಖಲೆ ಅಲ್ಲಿಗೇ ನಿಂತಿತ್ತು. ಕೋಲಿ ನ್ಯೂಯಾರ್ಕ್‌ನ ವಲಸೆ ಕಾರ್ಮಿಕರ ಬೀದಿಗಳಲ್ಲಿ ಮನೆ ಮನೆಯ ಮೆಟ್ಟಿಲು ಹತ್ತಿ ಹುಡುಕಿದರು. ಸುಮಾರು ಏಳು ವರ್ಷದ ನಂತರವೂ ಸ್ಟೈನ್ ಬದುಕಿದ್ದ, ಗಡ್ಡೆಯ ಸುಳಿವೂ ಇರಲಿಲ್ಲ.

ಮೈಗೆ ಸೋಂಕು ತಗುಲಿದಾಗ ಏಳುವ ರಕ್ಷಣಾ ಪಡೆ ಗಡ್ಡೆಯನ್ನೂ ಬಡಿದಿರಬಹುದೇ? 1891ರಲ್ಲಿ ಕೋಲಿ ಜೋಲಾ ಅನ್ನೋ ಇಟಲಿಯ ವಲಸಿಗನಿಗೆ ಬೇಕಂತಲೇ ಜೀವಂತ ಬ್ಯಾಕ್ಟೀರಿಯಾ ಚುಚ್ಚಿದರು. ಹಲವು ಪ್ರಯತ್ನದ ನಂತರ ಜ್ವರ ಏರಿತು, ಗಂಟಲಲ್ಲಿದ್ದ ಗಡ್ಡೆ ಒಡೆದು ಕುಗ್ಗಿತು. ಜೋಲಾ ಇನ್ನೂ ಎಂಟು ವರ್ಷ ಬದುಕಿದ. ಆದರೆ ಇದೇ ದಾರಿಯಲ್ಲಿ ಬೇರೆ ಇಬ್ಬರು ರೋಗಿಗಳು ಸೋಂಕಿನಿಂದಲೇ ಸತ್ತರು. ಆಗ ಕೋಲಿ ಎರಡು ಬಗೆಯ ಬ್ಯಾಕ್ಟೀರಿಯಾಗಳನ್ನ ಸಾಯಿಸಿ, ಬೆರೆಸಿ ಔಷಧ ಮಾಡಿದರು. 1893ರ ಜನವರಿಯಲ್ಲಿ ಹೊಟ್ಟೆಯಲ್ಲಿ ದೊಡ್ಡ ಗಡ್ಡೆ ಇದ್ದ 16ರ ಹುಡುಗನಿಗೆ ಅದನ್ನ ಕೊಡೋಕೆ ಶುರು ಮಾಡಿದರು. ಆಗಸ್ಟ್ ಹೊತ್ತಿಗೆ ಗಡ್ಡೆ ಹೆಚ್ಚುಕಡಿಮೆ ಮಾಯ. ಆ ಹುಡುಗ ಮುಂದೆ 26 ವರ್ಷ ಬದುಕಿ ಹೃದಯಾಘಾತದಿಂದ ತೀರಿಕೊಂಡ.

ಇಂಥ ಫಲ ಕಂಡ ಔಷಧ ಆಮೇಲೆ ಎಲ್ಲಿ ಹೋಯ್ತು? ಫಾರ್ವರ್ಡ್ ಮಾಡುವವರು ಇಲ್ಲಿ ಕಂಪನಿಗಳ ಪಿತೂರಿ ಅಂತಾರೆ. ವಾಸ್ತವದಲ್ಲಿ ಪಾರ್ಕ್-ಡೇವಿಸ್ ಅನ್ನೋ ದೊಡ್ಡ ಕಂಪನಿಯೇ 1899ರಿಂದ ಅದನ್ನ ತಯಾರಿಸಿ ಮಾರುತ್ತಿತ್ತು. ಸಮಸ್ಯೆ ಬೇರೆ ಇತ್ತು.

ನಾನು ಸಿವಿಲ್ ಇಂಜಿನಿಯರಿಂಗ್ ಓದಿದವನು. ಸೈಟಿನಲ್ಲಿ ಕಾಂಕ್ರೀಟ್ ಹಾಕಿದಾಗ ಅದೇ ಮಿಶ್ರಣದ ಕ್ಯೂಬ್ ಮಾಡಿಟ್ಟು, 28 ದಿನ ನೀರಲ್ಲಿ ನೆನೆಸಿ, ಒಡೆದು ನೋಡ್ತೀವಿ. ಎಷ್ಟು ಸಿಮೆಂಟು, ಎಷ್ಟು ಮರಳು, ಎಷ್ಟು ಜಲ್ಲಿ ಅಂತ ಗೊತ್ತಿಲ್ಲದಿದ್ದರೆ ಆ ಕ್ಯೂಬ್ ಎಷ್ಟು ಗಟ್ಟಿ ಬಂದರೂ ಪ್ರಯೋಜನವಿಲ್ಲ, ಮತ್ತೊಂದನ್ನ ಹಾಗೇ ಮಾಡೋಕೆ ಆಗಲ್ಲ. ಕೋಲಿಗೆ ಆಗಿದ್ದು ಇದೇ. ಅವರ ಔಷಧಕ್ಕೆ ಹತ್ತಕ್ಕೂ ಹೆಚ್ಚು ಬೇರೆ ಬೇರೆ ಮಿಶ್ರಣಗಳಿದ್ದವು, ಕೆಲವು ಗಟ್ಟಿ, ಕೆಲವು ಪೇಲವ. ಒಬ್ಬರಿಗೆ ಗಡ್ಡೆಯೊಳಗೆ ಚುಚ್ಚಿದರೆ ಇನ್ನೊಬ್ಬರಿಗೆ ತೊಡೆಗೆ. ಒಬ್ಬರಿಗೆ ತಿಂಗಳುಗಟ್ಟಲೆ, ಒಬ್ಬರಿಗೆ ಕೆಲವೇ ದಿನ. ಔಷಧ ಕೊಟ್ಟವರನ್ನ ಕೊಡದವರ ಪಕ್ಕ ಇಟ್ಟು ಹೋಲಿಸಲಿಲ್ಲ. ಬೇರೆ ಡಾಕ್ಟರುಗಳು ಮಾಡಿ ನೋಡಿದಾಗ ಅದೇ ಫಲಿತಾಂಶ ಬರಲಿಲ್ಲ.

ಅದೇ ವರ್ಷಗಳಲ್ಲಿ ನಮ್ಮ ಕಡೆ ಏನಾಗ್ತಿತ್ತು ನೋಡಿ. ಆಗ ಹಾನಗಲ್ ಧಾರವಾಡ ಜಿಲ್ಲೆಯಲ್ಲಿತ್ತು, ಸವಣೂರು ನವಾಬರ ಸಂಸ್ಥಾನ. ಮುಂಬಯಿಯಿಂದ ಹರಡಿದ ಪ್ಲೇಗಿಗೆ ವಾಲ್ಡೆಮರ್ ಹಾಫ್ಕಿನ್ ಕೂಡ ಸತ್ತ ಬ್ಯಾಕ್ಟೀರಿಯಾದಿಂದಲೇ ಲಸಿಕೆ ಮಾಡಿದರು. 1897ರ ಜನವರಿ 10ರಂದು ಮೊದಲು ತಾವೇ ಚುಚ್ಚಿಕೊಂಡರು. ಆಮೇಲೆ ಬೈಕುಲ್ಲಾ ಜೈಲಿನಲ್ಲಿ ಕೆಲವು ಕೈದಿಗಳಿಗೆ ಕೊಟ್ಟು, ಉಳಿದವರಿಗೆ ಕೊಡದೆ, ಎರಡೂ ಕಡೆ ರೋಗ ಎಷ್ಟು, ಸಾವು ಎಷ್ಟು ಅಂತ ಎಣಿಸಿದರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನಕ್ಕೆ ಅದೇ ಲಸಿಕೆ ಬಿತ್ತು. ಎಣಿಕೆ ಇದ್ದಿದ್ದರಿಂದಲೇ ಲಸಿಕೆ ಉಳಿಯಿತು. ಹಾಗಂತ ಹಾಫ್ಕಿನ್ ದಾರಿ ಪೂರ್ತಿ ಸರಿ ಅಂತಲೂ ಅಲ್ಲ. ಬ್ರಿಟಿಷರ ಜೈಲಿನಲ್ಲಿರೋ ಕೈದಿಯ ಒಪ್ಪಿಗೆ ಎಷ್ಟು ಸ್ವತಂತ್ರ? ಈ ಪ್ರಶ್ನೆ ಹಳೇದಾಗಿಲ್ಲ. 2009ರಲ್ಲಿ ಖಮ್ಮಂ ಜಿಲ್ಲೆಯ ಆದಿವಾಸಿ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಟ್ಟಾಗ ಎಷ್ಟೋ ಕಡೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು, ತಂದೆತಾಯಿ ಅಲ್ಲ. 2013ರಲ್ಲಿ ಸಂಸದೀಯ ಸಮಿತಿ ಆ ಯೋಜನೆಯನ್ನ ಕಟುವಾಗಿ ಟೀಕಿಸಿತು.

ಕೋಲಿ ಕತೆಗೆ ವಾಪಸ್ ಬರೋಣ. ಅವರು ಕೆಲಸ ಮಾಡ್ತಿದ್ದ ಮೆಮೋರಿಯಲ್ ಆಸ್ಪತ್ರೆಯಲ್ಲೇ ಜೇಮ್ಸ್ ಯೂಯಿಂಗ್ ಅನ್ನೋ ಪ್ರಭಾವಿ ತಜ್ಞ ರೇಡಿಯಂ ಪರ ನಿಂತರು, ಕೋಲಿಯ ಔಷಧವನ್ನ ನಂಬಲಿಲ್ಲ. ರೇಡಿಯೇಶನ್‌ನ ಪ್ರಮಾಣ ಅಳೆಯಬಹುದಿತ್ತು, ಫಲ ಬೇಗ ಕಾಣ್ತಿತ್ತು. ಕೋಲಿ ಮಾತ್ರ ಕೊನೆತನಕ ಹಟ ಬಿಡಲಿಲ್ಲ. 1936ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರ ಚಿಕಿತ್ಸೆಯೂ ಬಹುಪಾಲು ಅವರ ಜೊತೆಗೇ ಹೋಯ್ತು.

ಉಳಿಸಿದ್ದು ಮಗಳು ಹೆಲೆನ್ ಕೋಲಿ ನಾಟ್ಸ್. ವೈದ್ಯೆ ಅಲ್ಲ, ಅಪ್ಪನ ಕಾಗದಪತ್ರ ಓದುತ್ತಾ ಕೂತವರು. ಸಾವಿರದಷ್ಟು ರೋಗಿಗಳ ಕೇಸುಗಳನ್ನ ಒಂದೊಂದಾಗಿ ಜೋಡಿಸಿದರು. ಬೆಸ್ಸಿಯನ್ನ ತಂಗಿಯಂತೆ ನೋಡ್ತಿದ್ದ ಗೆಳೆಯ ಜಾನ್ ಡಿ. ರಾಕ್‌ಫೆಲರ್ ಜೂನಿಯರ್. ಅವರ ಮಗ ನೆಲ್ಸನ್ ಕೊಟ್ಟ ಸಣ್ಣ ನೆರವಿನಿಂದ ಹೆಲೆನ್ 1953ರಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಟ್ಟಿದರು. ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರಿಗೆ ಚಿಕಿತ್ಸೆ ಅನ್ನೋ ಕ್ಷೇತ್ರ ನಿಧಾನಕ್ಕೆ ಮರಳಿ ಬಂತು. 2018ರಲ್ಲಿ ಅದಕ್ಕೆ ನೊಬೆಲ್ ಸಿಕ್ಕಿತು.

ಈಗ ಆ ಫಾರ್ವರ್ಡ್‌ಗೆ ಬರ್ತೀನಿ. ಗಡ್ಡೆ ಬಂದ ಮೇಲೆ ಕೊಡುವ ಲಸಿಕೆಗಳ ಪರೀಕ್ಷೆ ನಿಜವಾಗಿಯೂ ನಡೀತಿದೆ. ಗಡ್ಡೆಯ ಜೀವಕೋಶಗಳಲ್ಲಿರೋ ಪ್ರೋಟೀನ್ ತುಣುಕುಗಳನ್ನ ಚುಚ್ಚಿ, ಇವುಗಳನ್ನ ಹುಡುಕಿ ಹೊಡಿ ಅಂತ ದೇಹಕ್ಕೆ ಕಲಿಸೋದು ಇದರ ಉಪಾಯ. ಕತ್ತರಿಸಲಾಗದ ಮಿದುಳುಕಾಂಡದ ಗಡ್ಡೆ ಇರೋ ಹೆಚ್ಚಿನ ಮಕ್ಕಳು ರೇಡಿಯೇಶನ್ ಕೊಟ್ಟರೂ ವರ್ಷ ದಾಟಲ್ಲ, ಅದಕ್ಕೇ ಹೊಸ ದಾರಿ ಬೇಕು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಇಂಥದೇ ಕಠಿಣ ಗಡ್ಡೆಗಳಿದ್ದ 26 ಮಕ್ಕಳ ಮೇಲೆ ನಡೆದ ಆರಂಭಿಕ ಪರೀಕ್ಷೆಯ ವರದಿ 2014ರಲ್ಲಿ ಬಂತು. ಕೆಲವರಲ್ಲಿ ಗಡ್ಡೆ ಕುಗ್ಗಿತು. ಐದು ಮಕ್ಕಳಲ್ಲಿ ಗಡ್ಡೆಯ ಜಾಗ ಊದಿಕೊಂಡು ತೊಂದರೆ ಕೊಟ್ಟಿತು, ಸ್ಟಿರಾಯ್ಡ್ ಕೊಟ್ಟು ಇಳಿಸಬೇಕಾಯ್ತು. ಸ್ಟೈನ್‌ನ ಕುತ್ತಿಗೆ ಊದಲು ಜಾಗವಿತ್ತು, ಮಗುವಿನ ತಲೆಬುರುಡೆಯೊಳಗೆ ಎಲ್ಲಿದೆ? ಅದಕ್ಕೇ ಒಂದೊಂದೇ ಹೆಜ್ಜೆ ಇಟ್ಟು ಪರೀಕ್ಷೆ ಮಾಡ್ತಾರೆ. ಮಕ್ಕಳ ಮಿದುಳು ಗಡ್ಡೆಗೆ ಇದುವರೆಗೆ ಯಾವ ಲಸಿಕೆಯೂ ಸಾಬೀತಾದ ಚಿಕಿತ್ಸೆ ಆಗಿಲ್ಲ. ಮುಚ್ಚಿಟ್ಟಿಲ್ಲ, ಇನ್ನೂ ಮುಗಿದಿಲ್ಲ.

ಪರಿಚಯದವರಿಗೆ ಇದನ್ನೇ ಬರೆದೆ. ಜೊತೆಗೆ, ಯಾರಾದರೂ ಪ್ರಯೋಗದ ಲಸಿಕೆ ಕೊಡ್ತೀವಿ ಅಂತ ಬಂದರೆ ಕೇಳಬೇಕಾದ್ದನ್ನೂ ಬರೆದೆ. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇದು ಇದೆಯಾ? ಒಪ್ಪಿಗೆ ಪತ್ರ ಕನ್ನಡದಲ್ಲಿದೆಯಾ? ಮಧ್ಯದಲ್ಲೇ ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲುತ್ತಾ? ಪರೀಕ್ಷೆಯ ಔಷಧಕ್ಕೆ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಆದರೆ ಪ್ರಶ್ನೆ ಬರೀ ತಂದೆತಾಯಿಯದ್ದಲ್ಲ. ಕೋಲಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಮೊದಲನೆಯದು ಔಷಧವಲ್ಲ, ಡಿಸ್ಚಾರ್ಜ್ ಆಗಿ ಹೋದ ಒಬ್ಬ ಬಡ ವಲಸಿಗ ಏನಾದ ಅಂತ ಮೆಟ್ಟಿಲು ಹತ್ತಿ ಹುಡುಕಿದ್ದು. ಬೆಂಗಳೂರಿಗೆ ಹೋಗಿ ಬಂದ ಹಿರೇಕೆರೂರಿನ ಮಗು ಆರು ತಿಂಗಳ ನಂತರ ಹೇಗಿದೆ ಅಂತ ವಿಚಾರಿಸೋ ಹೊಣೆ ನಮ್ಮಲ್ಲಿ ಯಾರದ್ದು? ಪ್ರತಿ ಹಳ್ಳಿಯಲ್ಲೂ ಆಶಾ ಕಾರ್ಯಕರ್ತೆಯರಿದ್ದಾರೆ, ಮನೆ ಮನೆ ಗೊತ್ತಿರೋರು. ಆ ಮಕ್ಕಳ ಲೆಕ್ಕ ಇಡೋಕೆ ಅವರಿಗೆ ಸರಿಯಾದ ಸಂಬಳ, ತರಬೇತಿ ಕೊಟ್ಟು, ತಲೆನೋವು–ವಾಂತಿಯ ಮಗುವಿಗೆ ಹತ್ತಿರದಲ್ಲೇ ಬೇಗ ಸ್ಕ್ಯಾನ್ ಆಗುವ ಹಾಗೆ ಮಾಡಿ ಅಂತ ಎಂಎಲ್‌ಎಗಳನ್ನ ಕೇಳೋಕೆ ಯಾವ ಲಸಿಕೆಗೂ ಕಾಯಬೇಕಿಲ್ಲ. ಲೆಕ್ಕಕ್ಕೇ ಸಿಗದ ಮಗುವಿಗೆ ನಾಳೆ ಲಸಿಕೆ ಬಂದರೂ ಸಿಗಲ್ಲ.