ಚಾರ್ಜ್‌ಶೀಟಿನಲ್ಲಿ ಹೆಸರಿಲ್ಲ, ಆದರೂ ಎಂಟು ತಿಂಗಳು ಜೈಲು

ಯಾರನ್ನಾದರೂ ಪೋಲೀಸರು ಹಿಡಿದರು ಅಂದರೆ ಸಾಕು, ಕೋರ್ಟಿಗಿಂತ ಮೊದಲು ನಮ್ಮ ಅಂಗಡಿ ಕಟ್ಟೆಯ ಮೇಲೆ ತೀರ್ಪು ಆಗಿಹೋಗುತ್ತೆ. ಏನೂ ಮಾಡದೇ ಇದ್ದರೆ ಸುಮ್ಮನೆ ಹಿಡೀತಾರಾ ಅಂತ ಒಬ್ಬರು. ಒಳಗೆ ನಾಲ್ಕು ಬಿದ್ದರೆ ಬುದ್ಧಿ ಬರುತ್ತೆ ಅಂತ ಇನ್ನೊಬ್ಬರು. ಹೀಗೆ ಮಾತಾಡುವ ಮೊದಲು ಸ್ನೇಹಲತಾ ರೆಡ್ಡಿ ಕಥೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಬೇಕು.

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಶೇಷಾದ್ರಿ ರಸ್ತೆ ಕಡೆ ಹೋದರೆ ಫ್ರೀಡಂ ಪಾರ್ಕ್ ಸಿಗುತ್ತೆ. ಧರಣಿ, ಸತ್ಯಾಗ್ರಹ ಅಂತ ಬೆಂಗಳೂರಿಗೆ ಹೋದವರಿಗೆಲ್ಲ ಗೊತ್ತಿರುವ ಜಾಗ. ಹಿಂದೆ ಅದೇ ಸೆಂಟ್ರಲ್ ಜೈಲು. 1976ರಲ್ಲಿ ಈಕೆಯನ್ನು ಕೂಡಿಹಾಕಿದ್ದು ಅಲ್ಲೇ.

ಸ್ನೇಹಲತಾ ಹುಟ್ಟಿದ್ದು 1932ರಲ್ಲಿ. ಆಂಧ್ರದ ಕಡೆಯ ಕ್ರೈಸ್ತ ಮನೆತನ. ಮದರಾಸಿನಲ್ಲಿ ನಾಟಕ ಕಟ್ಟಿ ಬೆಳೆದವರು. ಗಂಡ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ಸಿನಿಮಾ ನಿರ್ದೇಶಕ. ಇಬ್ಬರೂ ಲೋಹಿಯಾ ಅವರನ್ನು ಮೆಚ್ಚಿದ ಸಮಾಜವಾದಿಗಳು. ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಪಟ್ಟಾಭಿ ಚಿತ್ರ ಮಾಡಿದಾಗ ಚಂದ್ರಿ ಪಾತ್ರ ಮಾಡಿದ್ದು ಈಕೆಯೇ. ಶೃಂಗೇರಿ ಹತ್ತಿರದ ಹಳ್ಳಿಯಲ್ಲಿ ಶೂಟಿಂಗ್. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಬಿಟ್ಟರು. 1970ರಲ್ಲಿ ತೆರೆಗೆ ಬಂದ ಚಿತ್ರಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕವೂ ಬಂತು.

1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ದಿಲ್ಲಿಯಲ್ಲಿ ಇಂದಿರಾ ಗಾಂಧಿ, ಇಲ್ಲಿ ದೇವರಾಜ ಅರಸು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ತಲೆಮರೆಸಿಕೊಂಡರು. ಬರೋಡಾ ಡೈನಮೈಟ್ ಕೇಸು ಅಂತ ಒಂದು ಎದ್ದು, ಪೋಲೀಸರು ಅವರ ಬಳಗವನ್ನೆಲ್ಲ ಜಾಲಾಡಿದರು. 1976ರ ಮೇ 1ರಂದು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್ ಸಿಕ್ಕಿದರು. ಅಣ್ಣ ಎಲ್ಲಿ ಹೇಳು ಅಂತ ಅವರಿಗೆ ಬಿದ್ದ ಏಟು ದೇಶಕ್ಕೇ ಗೊತ್ತಾಯಿತು. ಮರುದಿನ, ಮೇ 2ರಂದು ಸ್ನೇಹಲತಾ ಸರದಿ.

ಕೋರ್ಟಿಗೆ ಹೋಗಬಹುದಿತ್ತಲ್ಲ ಅಂತೀರಾ? ಆ ದಾರಿಯೂ ಮುಚ್ಚಿತ್ತು. ಅದಕ್ಕೆ ನಾಲ್ಕೇ ದಿನ ಮೊದಲು, ಏಪ್ರಿಲ್ 28ರಂದು, ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸಿ ಹೇಬಿಯಸ್ ಕಾರ್ಪಸ್ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತ್ತು. ಐವರು ನ್ಯಾಯಮೂರ್ತಿಗಳಲ್ಲಿ ಬೇರೆ ಮಾತು ಬರೆದವರು ಎಚ್.ಆರ್. ಖನ್ನಾ ಒಬ್ಬರೇ.

ಡೈನಮೈಟ್ ಕೇಸಿನ ಚಾರ್ಜ್‌ಶೀಟು ಬಂದಾಗ ಅದರಲ್ಲಿ ಸ್ನೇಹಲತಾ ಹೆಸರೇ ಇರಲಿಲ್ಲ. ಹಾಗಿದ್ದರೆ ಬಿಡಬೇಕಲ್ಲ? ಬಿಡಲಿಲ್ಲ. ಮೀಸಾ ಕಾಯಿದೆ ಇತ್ತು, ಅದಕ್ಕೆ ವಿಚಾರಣೆಯೂ ಬೇಡ, ಸಾಕ್ಷಿಯೂ ಬೇಡ.

ಆಕೆಗೆ ಮೊದಲಿನಿಂದಲೂ ಆಸ್ತಮಾ. ಚಿಕ್ಕ ಕೋಣೆ, ಒಂಟಿ ವಾಸ, ಹೊತ್ತಿಗೆ ಸರಿಯಾಗಿ ಸಿಗದ ಔಷಧಿ. ಉಸಿರು ಕಟ್ಟಿ ಎಚ್ಚರ ತಪ್ಪಿದ್ದೂ ಉಂಟು. ಅದೇ ಜೈಲಿನಲ್ಲಿದ್ದ ಮಧು ದಂಡವತೆ, ರಾತ್ರಿ ಹೊತ್ತು ಆಕೆಯ ನರಳಾಟ ತಮ್ಮ ಕಡೆಗೂ ಕೇಳುತ್ತಿತ್ತು ಅಂತ ಮುಂದೆ ಬರೆದಿದ್ದಾರೆ.

ಇಷ್ಟಾದರೂ ಈಕೆ ತನ್ನದನ್ನು ಮಾತ್ರ ನೋಡಿಕೊಂಡು ಕೂರಲಿಲ್ಲ. ಜೊತೆಯಲ್ಲಿದ್ದ ಹೆಣ್ಣು ಕೈದಿಗಳು ಬಡವರು. ಅವರ ಪರ ಕೇಳುವವರು ಯಾರೂ ಇಲ್ಲ. ಅವರಿಗೆ ಬೀಳುತ್ತಿದ್ದ ಹೊಡೆತ ನಿಲ್ಲಬೇಕು, ಊಟ ಸರಿಹೋಗಬೇಕು ಅಂತ ಅಧಿಕಾರಿಗಳ ಜೊತೆ ಜಗಳ ತೆಗೆದರು. ಆ ಹೆಂಗಸರಿಗೆ ಹಾಡು, ಆಟ, ವ್ಯಾಯಾಮ ಹೇಳಿಕೊಟ್ಟರು. ಕಂಡದ್ದನ್ನು ಬರೆದೂ ಇಟ್ಟರು. ಅದೇ ಮುಂದೆ ಅಚ್ಚಾದ ಜೈಲಿನ ದಿನಚರಿ.

ಆರೋಗ್ಯ ಪೂರಾ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. 18ರಂದು ಇಂದಿರಾ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು. ಹೊರಗೆ ಉಸಿರಾಡಿದ್ದು ಐದೇ ದಿನ.

ಆಗ ನಮ್ಮ ಜನ ಏನು ಮಾಡಿದರು? ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ. ಮರುವರ್ಷ ಚಿಕ್ಕಮಗಳೂರಿನವರು ಇಂದಿರಾ ಅವರನ್ನೇ ಗೆಲ್ಲಿಸಿ ಕಳಿಸಿದರು. ಅರಸರ ಭೂಸುಧಾರಣೆಯಿಂದ ಬಡವನಿಗೆ ಜಮೀನು ಸಿಕ್ಕಿತ್ತು, ಅವನು ಆ ಋಣಕ್ಕೆ ಓಟು ಹಾಕಿದ. ಅದನ್ನು ತಪ್ಪು ಅನ್ನಲಾಗದು. ಆದರೆ ಜೈಲಿನೊಳಗೆ ನಡೆದದ್ದು ನಮ್ಮಲ್ಲಿ ಓಟಿನ ವಿಷಯ ಆಗಲೇ ಇಲ್ಲ ಅನ್ನೋದೂ ಅಷ್ಟೇ ನಿಜ.

ಬರೋಡಾ ಕೇಸನ್ನು ಜನತಾ ಸರ್ಕಾರ 1977ರಲ್ಲಿ ವಾಪಸ್ ತೆಗೆದುಕೊಂಡಿತು. ಮೀಸಾ ಹೋಯಿತು. ಸುಪ್ರೀಂ ಕೋರ್ಟಿನ ಆ ತೀರ್ಪನ್ನು ಅದೇ ಕೋರ್ಟು ತಪ್ಪು ಅಂದದ್ದು 2017ರಲ್ಲಿ, ಅದೂ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ. ಆಕೆ ಸತ್ತು ನಲವತ್ತು ವರ್ಷ ಆಗಿತ್ತು.

ಅದೆಲ್ಲ ಹಳೇ ಕಥೆ ಅನ್ನಬೇಡಿ. ಸರ್ಕಾರದ್ದೇ ಲೆಕ್ಕದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಇವರಲ್ಲಿ ಎಷ್ಟು ಜನ ಸಿನಿಮಾ ನಟಿಯರು, ಎಷ್ಟು ಜನರ ದಿನಚರಿ ಅಚ್ಚಾಗುತ್ತೆ?

ನಾಳೆ ಕಟ್ಟೆಯ ಮೇಲೆ ತೀರ್ಪು ಕೊಡುವ ಮೊದಲು, ಚಾರ್ಜ್‌ಶೀಟಿನಲ್ಲಿ ಹೆಸರಾದರೂ ಇದೆಯಾ ಅಂತ ಒಂದು ಸಲ ಕೇಳೋಣ. ಇದ್ದರೂ, ಒಳಗೆ ಹೊಡೆಯೋಕೆ ಯಾವ ಕಾನೂನು ಹೇಳಿದೆ ಅಂತಲೂ ಕೇಳೋಣ.